ಎರಡೂವರೆ ರೂಪಾಯಿಯ ಬಿಸಿಲು

ಸಂಘದ ಅಧ್ಯಕ್ಷರಾದ ಈಶ್ವರಪ್ಪನವರೇ, ನೌಕಾಪಡೆಯ ಅತಿಥಿಗಳೇ, ಬ್ಯಾಂಕಿನ ಮಿತ್ರರೇ, ವಿಶಾಖಪಟ್ಟಣದ ನನ್ನ ಕನ್ನಡ ಸಭಿಕರೇ,

ಈ ಸೆಕೆಯಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಮೇಲಿನ ಫ್ಯಾನು ಯಾರ ಕರೆಂಟಿನಲ್ಲಿ ತಿರುಗುತ್ತಿದೆಯೋ, ಅವರಿಗೆ ಮೊದಲ ವಂದನೆ. ವಿಜಯವಾಡದ ಹತ್ತಿರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಕಲ್ಲಿದ್ದಲು ಅಗ್ಗವೋ, ಬಿಸಿಲು ಅಗ್ಗವೋ ಹೇಳಿ ಎಂದಿದ್ದೀರಿ. ಅದನ್ನು ನಾನು ಕಲಿತದ್ದು ಮಗಳಿಂದ. ಅದೂ ತಡವಾಗಿ.

ಹರಿಣಿ ಎಂಜಿನಿಯರಿಂಗ್ ಮುಗಿಸಿ ಅನಂತಪುರದ ಕಡೆಯ ಸೌರ ಸ್ಥಾವರಕ್ಕೆ ಸೇರುತ್ತೇನೆ ಎಂದಾಗ ನಕ್ಕುಬಿಟ್ಟೆ. ಆಗ ಬಿಸಿಲಿನ ಕರೆಂಟು ನಮ್ಮದಕ್ಕಿಂತ ದುಪ್ಪಟ್ಟು ದುಬಾರಿ. "ಮೋಡ ಬಂದ್ರೆ ಬಾಗಿಲು ಹಾಕೋ ಅಂಗಡಿ ಅದು" ಎಂದೆ. ವಿಜಯವಾಡದಲ್ಲಿ ಬೆಳೆದವಳು, ಅಪ್ಪನನ್ನು ಕರೆಯುವುದೂ ತೆಲುಗಿನಲ್ಲೇ. "ಸರಿ ನಾನ್ನಾ" ಎಂದು ಹೊರಟಳು. ಆಮೇಲೆ ನಾಲ್ಕು ವರ್ಷ ಅವಳ ಫೋನೆಲ್ಲ ಅಮ್ಮನಿಗೇ. ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಮುಂದಿನ ಸಾಲಿನಲ್ಲಿ ನನ್ನ ಪತ್ನಿ ಕಮಲಾಕ್ಷಿ ತಲೆ ತಗ್ಗಿಸಿದಳು. ಇರಲಿ.

ಒಂದು ಏಪ್ರಿಲ್ ಮಧ್ಯಾಹ್ನ. ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕೆಂದು ಹೇಳುವ ಕೇಂದ್ರದಿಂದ ಮಾಧವೀಲತಾ ಎಂಬ ಅಧಿಕಾರಿ ಫೋನು ಮಾಡಿದರು.

"ಅಣ್ಣಪ್ಪಗಾರು, ನಿಮ್ಮ ಉತ್ಪಾದನೆ ಅರ್ಧಕ್ಕೆ ಇಳಿಸಿ ಅಂಡಿ."

"ಯಾಕಮ್ಮ? ಚೆನ್ನಾಗೇ ಓಡ್ತಾ ಇದೆಯಲ್ಲ?"

"ಬಿಸಿಲಿನ ಕರೆಂಟು ಯೂನಿಟ್ಟಿಗೆ ಎರಡೂವರೆ ರೂಪಾಯಿಯಂತೆ ಬರ್ತಿದೆ. ನಿಮ್ಮದು ನಾಲ್ಕು ದಾಟಿದೆ."

ವಾದಿಸಲು ಏನಿತ್ತು? ನಮ್ಮ ಕಲ್ಲಿದ್ದಲು ಗಣಿಯಿಂದ ರೈಲಿನಲ್ಲಿ ಬಂದು, ಪುಡಿಯಾಗಿ, ಉರಿದು, ಬೂದಿಯಾಗಬೇಕು. ಬಿಸಿಲಿಗೆ ರೈಲೇಕೆ? ಬೂದಿ ಎಲ್ಲಿ? ಬೆಂಕಿ ತಗ್ಗಿಸಿ ಹೊರಗೆ ಬಂದೆ. ಚಿಮಣಿಯ ಹೊಗೆ ತೆಳ್ಳಗಾಗಿತ್ತು. ಕೃಷ್ಣೆಯ ಆಚೆಯ ಗುಡ್ಡ ನೀರಿನ ಮೇಲೆ ತೇಲುತ್ತಿರುವಂತೆ ಕಂಡಿತು. ಇದೇ ಬಿಸಿಲು ಅನಂತಪುರದಲ್ಲೂ ಬಿದ್ದಿದೆ, ಅದರ ನಡುವೆ ನನ್ನ ಮಗಳು ನಡೆದಾಡುತ್ತಿದ್ದಾಳೆ ಅನ್ನಿಸಿತು. ಫೋನು ಮಾಡಿದೆ.

"ನಾನ್ನಾ? ಹುಷಾರಾಗಿದೀರಾ?"

"ನಿನ್ನ ಬಿಸಿಲು ಗೆದ್ದಿತು ಕಣಮ್ಮ. ನನ್ನ ಬಾಯ್ಲರ್ ಅರ್ಧಕ್ಕೆ ಇಳಿಸಿದೆ."

ಅವಳು ನಗಲಿಲ್ಲ. "ಸಂಜೆ ಆರೂವರೆಗೆ ನಂದು ಸೊನ್ನೆ ನಾನ್ನಾ. ಆಗ ನೀವೇ ಬೇಕು."

ಅಂದು ಸಂಜೆ ಅವಳೇ ಫೋನು ಮಾಡಿದಳು. "ಇಲ್ಲಿ ಇಳೀತಿದೆ."

"ಇಲ್ಲಿ ಏರಿಸ್ತಿದೀನಿ" ಎಂದೆ.

ಆಮೇಲೆ ನಾನು ಪಾಳಿಯಲ್ಲಿದ್ದ ಸಂಜೆಗಳಲ್ಲೆಲ್ಲ ಅದೇ ಎರಡು ಮಾತು. ಅಪ್ಪ ಮಗಳ ನಡುವೆ ಅದಕ್ಕಿಂತ ಹೆಚ್ಚು ಬೇಕೇ, ಸಭಿಕರೇ?

ನನ್ನ ಉತ್ತರ ಇಷ್ಟು: ಹಗಲಿಗೆ ಬಿಸಿಲೇ ಅಗ್ಗ. ಕತ್ತಲಿಗೆ ಇನ್ನೂ ನಮ್ಮಂಥವರು ಬೇಕು. ಹಗಲಿನ ಕರೆಂಟು ಕೂಡಿಡುವ ದೊಡ್ಡ ಬ್ಯಾಟರಿಗಳ ಬೆಲೆ ಇಳಿಯುತ್ತಿದೆ, ನಾವೂ ಬಹಳ ದಿನ ಬೇಕಾಗಲಿಕ್ಕಿಲ್ಲ.

ನಾನು ನಿವೃತ್ತನಾದ ಮೇಲೆ ನಾವು ಇಲ್ಲೇ, ಈ ಊರಂಚಿನ ಪೆಂಡುರ್ತಿಯಲ್ಲಿದ್ದೇವೆ. ಏರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ಸಂಜೆ ಫೋನು ಬರುತ್ತದೆ. "ಇಲ್ಲಿ ಇಳೀತಿದೆ ನಾನ್ನಾ." ನಾನು ಮಹಡಿಯ ಮೇಲೆ ನಿಂತು, ಬೀದಿಯ ಕೊನೆಯ ಮನೆಯವರೆಗೂ ನೋಡುತ್ತೇನೆ.

"ಇಲ್ಲಿ ದೀಪ ಹತ್ತಿದವು ಮಗಳೇ" ಎನ್ನುತ್ತೇನೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಕೃತಜ್ಞ. ನಮಸ್ಕಾರ.