ಹಳೇ ಲಂಗ

ಎರಡು ಸಾವಿರದ ಹದಿನಾರರಲ್ಲಿ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ತಾಯಂದಿರು ಕೂತಿದ್ದರು. ಸಾಲಗುಂದದ ಗ್ಯಾನಮ್ಮನ ತೊಡೆಯ ಮೇಲೆ ಕೂದಲುದುರಿದ ಮಗಳು ಮಲಗಿದ್ದಳು. ಮಸ್ಕಿಯ ಸಂಗಮ್ಮನ ಮಗಳು ಮತ್ತೆ ಬೆಳೆದ ಕೂದಲಿನ ಎರಡು ಗಿಡ್ಡ ಜಡೆ ಕುಣಿಸುತ್ತ ಕುಂಟುತ್ತಾ ಆಡುತ್ತಿದ್ದಳು. ಸಂಗಮ್ಮನ ಚೀಲದ ತುಂಬ ಅರಿವೆ ಅಂಗಡಿಯ ಪೊಟ್ಟಣಗಳು.

"ಕ್ಯಾನ್ಸರ್ ಮತ್ತ ಬಂದಾಗ ಇಬ್ಬರೂ ಹುಡುಗ್ಯಾರ ಎಲುಬಿನ ಚೂರು ಪರೀಕ್ಷೆಕ್ಕ ಕೂಡೇ ಬಾಂಬೆಗೆ ಹೋದ್ವು," ಎಂದಳು ಗ್ಯಾನಮ್ಮ. "ಜೀನು ನೋಡಿ, ನಿಮ್ಮಕಿದು ಔಷಧಕ್ಕ ಬಗ್ಗೋ ಜಾತಿ ಅಂದ್ರು. ನಮ್ಮಕಿದು ಬಗ್ಗಂಗಿಲ್ಲಂತ."

"ದೇವರು ಅದಾನ, ಗ್ಯಾನಮ್ಮ."

"ನಿನ್ನ ಕಡೇನ ಅದಾನ. ನಿಮ್ಮಕಿ ತೊಟ್ಟ ಹಳೇ ಲಂಗ ಒಂದು ಕೊಡು. ಬದುಕಿ ಉಳಿದ ಕೂಸಿನ ಅರಿವಿ ತೊಡಿಸಿದ್ರ ಬ್ಯಾರೆ ಕೂಸೂ ಉಳಿತಾವಂತ."

ಸಂಗಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲಾ ಹರದಾವ."

"ಮೈಮ್ಯಾಗಿಂದು ಹರದಿಲ್ಲಲ್ಲ?"

ಸಂಗಮ್ಮ ಮಗಳ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ರಿಪೋರ್ಟ್ ಎರಡೂ ಒಂದ ಟೇಬಲ್ ಮ್ಯಾಲಿದ್ದಾಗ, ನಿಂದು ಕೆಡ್ಲಿ, ನಂದು ಚಲೋ ಬರ್ಲಿ ಅಂತ ಬೇಡಿಕೊಂಡಿದ್ದೆ. ಅದಕ್ಕ ಸಿಟ್ಟೇನು?"

"ನಾನೂ ಹಂಗ ಬೇಡಿಕೊಂಡಿದ್ದೆ."

ಹೈದರಾಬಾದ್ ಬಸ್ಸು ಬಂತು. ಗ್ಯಾನಮ್ಮ ಮಗಳನ್ನು ಹೆಗಲಿಗೆ ಹಾಕಿಕೊಂಡು ಹತ್ತಿದಳು. ಸಂಗಮ್ಮ ಓಡಿಹೋಗಿ ಕಿಟಕಿಯೊಳಗೆ ಕೆಂಪು ಲಂಗವೊಂದನ್ನು ತುರುಕಿದಳು.

ಗ್ಯಾನಮ್ಮ ಅದನ್ನು ಬಿಡಿಸಿದಳು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ನಾ ಹಳೇದು ಕೇಳಿದ್ದೆ, ಸಂಗಮ್ಮ."

ಬಸ್ಸು ಹೊರಟಿತು.