ಕುರ್ಚಿಯ ಪಕ್ಕ ನಿಂತ ದೊರೆ

ಬೀಳಗಿ ಹತ್ತಿರದ, ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದವರ ನಮ್ಮ ಪುನರ್ವಸತಿ ಕೇಂದ್ರದಲ್ಲಿ ಅವತ್ತು ಮಧ್ಯಾಹ್ನದಿಂದಲೇ ಮಳೆ. ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಹೋಗಿ, ಓಣಿಯ ಏಳೆಂಟು ಹೆಂಗಸರು ನಮ್ಮ ಪಡಸಾಲೆ ಸೇರಿದ್ದರು. ಮರುದಿನ ಪಂಚಾಯತಿ ಅಧ್ಯಕ್ಷರ ಚುನಾವಣೆ. ನಾನು ಹೊಸದಾಗಿ ಆರಿಸಿಬಂದ ಮೆಂಬರು. ಹತ್ತು ವರ್ಷದ ಹಿಂದೆ ತಾನೂ ಮೆಂಬರಾಗಿದ್ದ ನನ್ನ ಗಂಡನ ಅಜ್ಜಿ ಸಾತವ್ವ, ನಮ್ಮೆಲ್ಲರ ಆಯಿ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತು ತೆಗೆದಳು. ನಾನು ಈ ಮನೆಗೆ ಸೊಸೆಯಾಗಿ ಬಂದಮೇಲೆ ಆಯಿ ಕೂತದ್ದನ್ನು ಕಂಡಿಲ್ಲ, ಊಟವೂ ನಿಂತೇ. ಮೊಣಕಾಲು ಬೇನೆ ಅಂದುಕೊಂಡಿದ್ದೆವು.

"ಗದ್ದಲ ಮಾಡದ ಕೇಳ್ರೆವಾ. ಊರು ಮುಳುಗಿ ಇಲ್ಲಿಗೆ ಬಂದ ವರ್ಷ ನನ್ನ ಗೆಳತಿ ಹೊಳೆವ್ವ ಅಧ್ಯಕ್ಷಸ್ಥಾನಕ್ಕ ನಿಂತಳು. ನಮ್ಮ ಓಣಿಗೆ ನಳ ತರತೇನಿ ಅಂದಳು. ನನ್ನ ವೋಟು ನಿನಗ ಅಂತ ದೇವರ ಅರಿಷಿಣ, ಭಂಡಾರ ಮುಟ್ಟಿ ಆಣಿ ಮಾಡಿದೆ. ಎರಡ ದಿನಕ್ಕ ಎದುರು ಪಾರ್ಟಿಯ ಜಕ್ಕಪ್ಪ ಬಂದ, ನಿನ್ನ ಮಗಗ ನೌಕರಿ ಕೊಡಸ್ತೇನಿ ಅಂದ... ಅವನ ಮುಂದೂ ಭಂಡಾರ ಮುಟ್ಟಿದೆ! ಹೆತ್ತ ಹೊಟ್ಟಿ, ಏನ ಮಾಡೂದು? ಮೆಂಬರು ಆಚೀಚಿ ಜಿಗೀಬಾರದಂತ ವೋಟಿನ ದಿನದ ತನಕ ನಮ್ಮನ್ನ ಜಮಖಂಡಿಯ ಒಂದು ಹಳೇ ವಾಡೇದಾಗ, ಸಂಸ್ಥಾನದವರ ದೊಡ್ಡ ಮನ್ಯಾಗ ಇಟ್ಟರು.

"ಅಲ್ಲಿ ಗ್ವಾಡಿತುಂಬ ಒಂದು ಚಿತ್ರ. ಹೆಣ್ಣಮಕ್ಕಳಂಗ ಗುಂಗುರುಗೂದಲು ಇಳಿಬಿಟ್ಟ ಬಿಳಿ ದೊರಿ, ಮಗ್ಗಲಕ ಖಾಲಿ ಕುರ್ಚಿ. ವಾಡೇ ನೋಡಿಕೊಂಡಿದ್ದ ಶಾಂತಿನಾಥ ಮಾಸ್ತರರು ಹೇಳಿದರು... ಲಾರ್ಡ್ ಆಶ್ಮೋರ್ ಅಂತ, ಮುನ್ನೂರು ವರ್ಷದ ಹಿಂದಿನ ಇಂಗ್ಲಂಡಿನ ದೊಡ್ಡ ಮನಿತನದ ರಾಜಕಾರಣಿ. ಜೇಮ್ಸ್ ರಾಜಾನ ಮುಂದ ಬೈಬಲ್ ಮುಟ್ಟಿ ಆಣಿ ಮಾಡಿ ಮಂತ್ರಿ ಆದ. ಕದ್ದು ಸಮುದ್ರದಾಚಿ ಇದ್ದ ರಾಜಾನ ಅಳಿಯ ವಿಲಿಯಮ್ಮಗ ಕಾಗದ ಬರದ, ದಂಡು ತಗೊಂಡು ಬಾ ಅಂತ. ವಿಲಿಯಮ್ ಬಂದು ಪಟ್ಟಕ್ಕ ಕುಂತ ಕೂಡಲೇ ಅದ ಬೈಬಲ್, ಅದ ಕೈ! ಅಷ್ಟಕ್ಕರ ಸುಮ್ಮನಾದನ? ಓಡಿಹೋದ ಜೇಮ್ಸಗ ಮತ್ತ ಕಾಗದ, ನಾ ನಿನ್ನಾಂವನ ಅಂತ. ಸಿಕ್ಕಬಿದ್ದ. ಇವರೂ ನಂಬಲಿಲ್ಲ, ಅವರೂ ನಂಬಲಿಲ್ಲ. ಕುಂದರಾಕ ಆಗವಲ್ದು, ಕುಂದರಾಕ ಆಗವಲ್ದು ಅಂತ ಮನಿತುಂಬ ತಿರಗ್ಯಾಡಿ, ನಿಂತಲ್ಲೇ ಜೀವ ಬಿಟ್ಟನಂತ.

"ನಾ ನಕ್ಕೆ. ಸಂಜೀಕ ದೀಪ ಹಚ್ಚಾಕ ಹೋಗಿ ನೋಡತೇನಿ... ಚಿತ್ರದಾಗ ಬರೇ ಕುರ್ಚಿ! ಹಿಂದ ಬೂಟಿನ ಸಪ್ಪಳ. ಈ ಬಾಗಲದಿಂದ ಆ ಬಾಗಲಕ್ಕ, ಆ ಬಾಗಲದಿಂದ ಈ ಬಾಗಲಕ್ಕ... ಯವ್ವಾ ಅಂತ ತಿರಗಿದೆ. ಎದುರಿಗೇ ದೊರಿ. ಭಂಡಾರ ಮುಟ್ಟಿದ ನನ್ನ ಬಲಗೈ ನೋಡಿದ, ಅಲ್ಲಿದ್ದ ಒಂದು ಕುರ್ಚಿ ತೋರಿಸಿದ, ಕುಂದರು ಅಂತ. ಕುಂದರಾಕ ಹ್ವಾದೆ... ಮೊಣಕಾಲು ಬಗ್ಗಲಿಲ್ಲ.

"ಇನ್ನೂ ಹೊತ್ತೈತಿ, ತಿದ್ದಿಕೋ ಅಂತ ಹೇಳಾಕ ಬಂದಿದ್ದನೇನೋ. ನಾ ತಿಳಕೊಳ್ಳಲಿಲ್ಲ. ಮರದಿನ ಜಕ್ಕಪ್ಪನ ಕಡೆ ವೋಟು ಹಾಕಿದೆ, ಹೊಳೆವ್ವ ಒಂದ ವೋಟಿನಿಂದ ಸೋತಳು. ನನ್ನ ಮಗಗ ನೌಕರಿ ಆತು, ಓಣಿಗೆ ನಳ ಬರಲಿಲ್ಲ. ಬ್ಯಾಸಿಗ್ಯಾಗ ನೀರಿಗೆ ಹ್ವಾದಾಕಿ, ಹಿನ್ನೀರಿನ ಕೆಸರಿನ್ಯಾಗ ಜಾರಿ ಸತ್ತಳು ನನ್ನ ಹೊಳೆವ್ವ... ವಾಡೇದಾಗಿನ ಆ ಸಂಜಿಯಿಂದ ನಾ ಕುಂತಿಲ್ಲ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಳೆ ಚುನಾವಣೆಗೆ ನಿಂತಿದ್ದವಳು ಅದೇ ಹೊಳೆವ್ವನ ಮಗಳು ಅನುಸೂಯಾ. ಮೊನ್ನೆ ಅವಳ ಮುಂದೆ ಭಂಡಾರ ಮುಟ್ಟಿದ್ದ ನಾನು, ನಿನ್ನೆ ಎದುರು ಪಾರ್ಟಿಯವರ ಮುಂದೆಯೂ ಮುಟ್ಟಿದ್ದೆ. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಆಯಿ ನನ್ನತ್ತ ತಿರುಗಿದಳು.

"ಸರಿತಾ, ಎಲ್ಲಾರೂ ಕುಂತಾರ, ನೀ ಒಬ್ಬಾಕಿನ ಆವಾಗಿನಿಂದ ನಿಂತು ಕೇಳಾಕತ್ತಿ. ಮಗ್ಗಲಕ ಕುರ್ಚಿ ಖಾಲಿ ಐತಲ್ಲ... ಕುಂದರ ತಂಗಿ, ನೋಡೂಣು."