ಮೂರು ಸಲ ನಿಲ್ಲೋ

ನಗೂದಾದ್ರ ಈಗ ನಕ್ಕುಬಿಡ್ರಿ, ಆಮ್ಯಾಲ ನಗು ಬರಂಗಿಲ್ಲ. ದಾಂಡೇಲಿ ಮಿಲ್ಲಿನ್ಯಾಗ ದುಡಿಯೂ ಲಗಮಪ್ಪ ನಮ್ಮ ಬಾಜೂ ಮನಿಯಾಂವ. ಅರವತ್ತೆರಡನೇ ಇಸ್ವಿ ಇದ್ದೀತು, ಅವಗ ಆದದ್ದು ಇದು.

ಆ ರಾತ್ರಿ ಹಾಡಿನ ಬೈಠಕ್ ಮುಗಿಸಿ ಒಬ್ಬನ ಹೊಂಟಿದ್ದ, ಆಲದ ಮರದ ಬಾವಿ ಕಡೆಯಿಂದ. ಹೊಟ್ಟಿಕಿಚ್ಚಿಗೆ ಮೈಯೆಲ್ಲ ಉರೀತಿತ್ತು. ಯಾಕಂದ್ರ, ತೀರಿಹೋದ ನಾಟಕದ ನಾಗಲಿಂಗಪ್ಪ ಮಾಸ್ತರರ ಖಾಸಾ ಶಿಷ್ಯ ಇಂವ. ಹನ್ನೊಂದು ವರ್ಷ ಅವರ ಹಾರ್ಮೋನಿಯಂ ಪೇಟಿ ಹೊತ್ತು, ಕಾಲೊತ್ತಿ ಕಲತಾಂವ. ಅವರನ್ನ ಹೂಳೂಮುಂದ ಹೆಗಲು ಕೊಟ್ಟಾಂವ. ಆದ್ರ ಜನ "ವನ್ಸ್ ಮೋರ್" ಅಂದದ್ದು ಅದ ಬೈಠಕಿನ್ಯಾಗ ಹಾಡಿದ ಪರಸಪ್ಪಗ! ಆ ಪರಸಪ್ಪ ಮಾಸ್ತರರ ಮಾರಿನೂ ಕಂಡಾಂವಲ್ಲ. ಶಮಶುದ್ದೀನನ ಚಾದಂಗಡಿಯೊಳಗ ಅವರ ಹಾಡಿನ ಗ್ರಾಮಫೋನ್ ಪ್ಲೇಟು ಕೇಳಿ ಕೇಳಿ ಅವರ ದನಿ ಎತ್ತಿದ್ದ. ಅದರಾಗ ಮಾಸ್ತರರು ಪೇಟಿಗೆ ಉಂಗುರ ಬಡದು ಹಾಕಿದ ತಾಳನೂ ಬಿಟ್ಟಿದ್ದಿಲ್ಲ.

ಆ ಪ್ಲೇಟಿಗೊಂದು ಗೀರು ಇತ್ತು. ಪಿನ್ನು ಅಲ್ಲಿ ಸಿಕ್ಕೊಂಡು "ನಿಲ್ಲೋ… ನಿಲ್ಲೋ… ನಿಲ್ಲೋ…" ಅಂತ ಮೂರು ಸಲ ಅಂದು ಮುಂದ ಹೋಗತಿತ್ತು. ಮಾಸ್ತರರು ಹಾಡಿದ್ದು ಒಂದ ಸಲ. ಪೆದ್ದ ಪರಸಪ್ಪ ಮೂರೂ ಕಲತಿದ್ದ. ಜನಕ್ಕ ಅದರದ ಹುಚ್ಚು. ಲಗಮಪ್ಪ ಒಂದ ಸಲ ಅಂದ್ರ, ಇವಗ ಪೂರಾ ಬರಂಗಿಲ್ಲ ಅಂತ ನಕ್ಕಿದ್ರು.

ಬಾವಿ ದಾಟಿದ್ದ… ಹಿಂದ ಸಪ್ಪಳ ಆತು. ಟಕ್… ಟಕ್… ಕಲ್ಲಿಗೆ ಉಂಗುರ ಬಡದಂಗ. ಆಮ್ಯಾಲ ಹಾಡು.

"ನಿಲ್ಲೋ… ನಿಲ್ಲೋ… ನಿಲ್ಲೋ…"

ಪರಸ್ಯಾ ತನ್ನನ್ನ ಅಣಗಸಾಕ ಬೆನ್ನು ಹತ್ಯಾನ ಅಂತ ತಿಳದ ಲಗಮಪ್ಪ. ಕಳ್ಳ, ಗುರು ಇಲ್ಲದಾಂವ ಅಂತ ಬಾಯಿಗೆ ಬಂದಂಗ ಬೈದ. ಹಾಡು ನಿಂತಿತು.

"ಲಗಮ್ಯಾ…" ಅಂತು ದನಿ, ಸಣ್ಣಗ.

ಲಗಮಪ್ಪ ಗಕ್ಕನ ನಿಂತ. ಅವನನ್ನ ಹಂಗ ಕರೀತಿದ್ದವರು ಮಾಸ್ತರರೊಬ್ಬರ.

"ಹೇಳೋ… ನಂದು ಪರಸಪ್ಪನಂಗ ಬಂತೇನು?"

ಅಷ್ಟು ಕೇಳಿದ್ದ ತಡ, ಅಂಜಿಕಿ ಎಲ್ಲಿ ಹೋತೋ. ಸತ್ತ ಮ್ಯಾಲೂ ಇವರಿಗೆ ನಾ ಬ್ಯಾಡಾದೆನೇನು ಅಂತ ಎದಿ ಹಿಂಡಿತು. ಕರದದ್ದು ತನ್ನ ಹೆಸರು, ಕೇಳಿದ್ದು ಅವನ ಸುದ್ದಿ. ಲಗಮಪ್ಪ ತಿರುಗಿ ಸೈತ ನೋಡಲಿಲ್ಲ.

"ಇಲ್ಲರಿ ಮಾಸ್ತರ… ಇನ್ನೂ ಬಂದಿಲ್ಲ," ಅಂದ.

ಮತ್ತ ಟಕ್… ಟಕ್… ಹಾಡು ಮೊದಲಿಂದ ಶುರುವಾತು. ಓಡಿಬಂದು ಬಾಗಲಾ ಹಾಕ್ಕೊಂಡ್ರೂ ಬೆಳಕು ಹರಿಯೂತನ ಕೇಳತಿತ್ತಂತ. ಅವತ್ತಿಂದ ಲಗಮಪ್ಪ ಒಂದು ಸಾಲೂ ಹಾಡಲಿಲ್ಲ.

ಮರುದಿನ ಶಮಶುದ್ದೀನ ಪ್ಲೇಟು ಹಚ್ಚಿದ. "ನಿಲ್ಲೋ" ಒಂದ ಸಲ ಅಂತು, ಲಗಮಪ್ಪ ಹಾಡಿದಂಗನ, ಮುಂದ ಹೋತು. ಗೀರು ಸವದಿರಬೇಕು ಅಂತೀರಿ… ಸುಳ್ಳು ಹೇಳಿ ನನಗೇನು ಬರೂದೈತಿ? ನಾನ ಉಗುರು ಹಚ್ಚಿ ನೋಡೇನಿ. ಗೀರು ಹಂಗ ಐತಿ.